ಪಾತಾಳದಲ್ಲಿ ಕಾದು ಕುಳಿತವರು

ಕೋಲಾರದ ಚಿನ್ನದ ಗಣಿ ಎಂದರೆ ಈಗಿನ ಮಕ್ಕಳಿಗೆ ಸಿನಿಮಾ ನೆನಪಾಗುತ್ತದೆ. ನನ್ನ ವಯಸ್ಸಿನವರಿಗೆ ಶಿಫ್ಟಿನ ಸೈರನ್ನು, ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಗಾಡಿ, ಬೇಸಿಗೆಯ ಗಾಳಿಗೆ ಸೈನೈಡ್ ದಿಬ್ಬದಿಂದ ಎದ್ದು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿದ್ದ ಬಿಳಿ ಧೂಳು ನೆನಪಾಗುತ್ತವೆ. ಪಠ್ಯಪುಸ್ತಕಕ್ಕೆ ಬೇಕಾದದ್ದು ಇನ್ನೂ ಕಡಿಮೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು, 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ್ದಾದವು, 2001ರ ಫೆಬ್ರವರಿ 28ರಂದು ಮುಚ್ಚಿದವು. ನಾಲ್ಕು ಅಂಕದ ಪ್ರಶ್ನೆಗೆ ಇಷ್ಟು ಸಾಕು. ನಾನೂ ಎಷ್ಟೋ ವರ್ಷ ಇಷ್ಟನ್ನೇ ಬರೆಸಿದ್ದೇನೆ, ಪರೀಕ್ಷೆಗೆ ಕೇಳುವುದು ಇಷ್ಟನ್ನೇ ತಾನೆ.

ಈ ಇಸವಿಗಳ ನಡುವೆ ಸಂದಿನಲ್ಲಿ ಬಿದ್ದುಹೋದ ಇನ್ನೊಂದು ಇಸವಿ ಇದೆ, 1965. ಆ ವರ್ಷ ಚಾಂಪಿಯನ್ ರೀಫ್ಸ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಚಿನ್ನಕ್ಕೆ ಸಂಬಂಧವೇ ಇಲ್ಲದ ಒಂದು ವಸ್ತು ಸಿಕ್ಕಿತು. ಅದನ್ನು ತೂಗಿ ಮಾರುವ ಹಾಗಿಲ್ಲ, ಕೈಯಲ್ಲಿ ಹಿಡಿಯುವ ಹಾಗೂ ಇಲ್ಲ. ಅದರ ಹೆಸರು ನ್ಯೂಟ್ರಿನೊ.

ವಿಜ್ಞಾನ ಎಂದೊಡನೆ ಪುಟ ತಿರುಗಿಸಬೇಡಿ. ಅಡುಗೆಮನೆಯಲ್ಲಿ ಜರಡಿ ಹಿಡಿದವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಆಕಾಶದಿಂದ ಹಗಲೂ ರಾತ್ರಿ ನಮ್ಮ ಮೇಲೆ ಕಣಗಳ ಮಳೆ ಸುರಿಯುತ್ತಿರುತ್ತದೆ, ಅದಕ್ಕೆ ವಿಶ್ವಕಿರಣ ಎನ್ನುತ್ತಾರೆ. ಅವು ಮೇಲಿನ ಗಾಳಿಗೆ ಬಡಿದಾಗ ಇನ್ನಷ್ಟು ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಒಂದು ನ್ಯೂಟ್ರಿನೊ. ಅದು ಯಾರ ತಂಟೆಗೂ ಹೋಗದ ಕಣ. ಗೋಡೆ, ಬೆಟ್ಟ, ನಮ್ಮ ದೇಹ, ಇಡೀ ಭೂಮಿಯನ್ನೇ ತೂರಿಕೊಂಡು ಆಚೆ ಹೋಗಿಬಿಡುತ್ತದೆ. ಸೂರ್ಯನಿಂದ ಬರುವ ನ್ಯೂಟ್ರಿನೊಗಳ ಲೆಕ್ಕವನ್ನೇ ಹಿಡಿದರೂ ನಮ್ಮ ಹೆಬ್ಬೆರಳಿನ ಉಗುರಿನಗಲದ ಜಾಗದಲ್ಲಿ ಸೆಕೆಂಡಿಗೆ ಸುಮಾರು 6,000 ಕೋಟಿ ಹಾದುಹೋಗುತ್ತವೆ. ನಮಗೆ ಕಚಗುಳಿಯೂ ಆಗುವುದಿಲ್ಲ. ಎಲ್ಲೋ ಅಪರೂಪಕ್ಕೊಂದು ಬಂಡೆಯ ಒಳಗಿನ ಪರಮಾಣುವಿಗೆ ಡಿಕ್ಕಿ ಹೊಡೆಯುತ್ತದೆ. ಆ ಡಿಕ್ಕಿಯನ್ನು ಕಾಣಬೇಕಾದರೆ ಮಿಕ್ಕ ಕಣಗಳ ಗದ್ದಲ ಇರಬಾರದು. ಸಂತೆಯಲ್ಲಿ ಸೂಜಿ ಬಿದ್ದ ಸದ್ದು ಕೇಳಿಸೀತೆ? ಅದಕ್ಕೇ ಜರಡಿ ಬೇಕು. ಎರಡು ಕಿಲೋಮೀಟರಿಗೂ ಹೆಚ್ಚು ದಪ್ಪದ ಬಂಡೆಯೇ ಆ ಜರಡಿ. ಮಿಕ್ಕ ಕಣಗಳೆಲ್ಲ ಬಂಡೆಯಲ್ಲಿ ಸಿಕ್ಕಿಬೀಳುತ್ತವೆ, ನ್ಯೂಟ್ರಿನೊ ಒಂದೇ ಕೆಳಗಿಳಿಯುತ್ತದೆ.

ಅಂಥ ಜರಡಿ ಲೋಕದಲ್ಲಿ ಕೆಲವೇ ಕಡೆ ಇತ್ತು. ಹೋಮಿ ಭಾಭಾ ಅವರ ಸೂಚನೆಯಂತೆ 1950ರ ದಶಕದ ಆರಂಭದಲ್ಲೇ ಬಿ.ವಿ. ಶ್ರೀಕಂಠನ್ ಎಂಬ ತರುಣ ವಿಜ್ಞಾನಿ ಉಪಕರಣ ಹೊತ್ತು ನಮ್ಮ ಗಣಿಗೆ ಇಳಿದಿದ್ದರು. ನಂಜನಗೂಡಿನಲ್ಲಿ ಹುಟ್ಟಿದವರು, ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದವರು. ಆಳಕ್ಕೆ ಹೋದ ಹಾಗೆ ಕಣಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅವರೂ ಅವರ ಜೊತೆಯವರೂ ಅಳೆಯುತ್ತಾ ಹೋದರು. ತೀರಾ ಆಳಕ್ಕೆ ಹೋದಾಗ ಉಪಕರಣ ವಾರಗಟ್ಟಲೆ ಸುಮ್ಮನೆ ಕುಳಿತುಬಿಟ್ಟಿತು. ಬೇರೆಯವರಾದರೆ ನಿರಾಶರಾಗುತ್ತಿದ್ದರೇನೋ. ಇವರಿಗೆ ಹೊಳೆದದ್ದು, ಇಷ್ಟು ನಿಶ್ಶಬ್ದ ಇರುವ ಜಾಗದಲ್ಲಲ್ಲವೇ ನ್ಯೂಟ್ರಿನೊವನ್ನು ಹುಡುಕಬೇಕಾದದ್ದು ಎಂದು. ಎಂ.ಜಿ.ಕೆ. ಮೆನನ್ ಅವರ ಮುಂದಾಳತ್ವದಲ್ಲಿ ಟಾಟಾ ಸಂಸ್ಥೆಯವರು, ಜಪಾನಿನ ಒಸಾಕದವರು, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಹೀತ್‌ಕೋಟ್ ಶಾಫ್ಟಿನ ಕೆಳಗೆ ಉಪಕರಣ ಹೂಡಿ ಕಾದು ಕುಳಿತರು. ಅದೇ ಕಾಲಕ್ಕೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಅಮೆರಿಕದ ಫ್ರೆಡರಿಕ್ ರೈನ್ಸ್ ಅವರ ತಂಡವೂ ಹೀಗೆಯೇ ಕಾಯುತ್ತಿತ್ತು. 1965ರ ಆಗಸ್ಟ್ ತಿಂಗಳಲ್ಲಿ ಎರಡೂ ತಂಡದ ವರದಿಗಳು ಪ್ರಕಟವಾದವು, ಕೋಲಾರದ್ದು ಎರಡು ವಾರ ಮುಂಚೆ. ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊ ಮನುಷ್ಯನ ಲೆಕ್ಕಕ್ಕೆ ಸಿಕ್ಕಿದ್ದು ಅದೇ ಮೊದಲು.

ಅಪ್ಪ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಈ ವಿಜ್ಞಾನಿಗಳನ್ನು ಅವರು ನೋಡಿದ್ದರು. ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಬ್ಯಾಟರಿ ಕಟ್ಟಿಕೊಂಡು ಕಾರ್ಮಿಕರ ಜೊತೆಗೇ ಕೇಜಿನಲ್ಲಿ ಇಳಿಯುತ್ತಿದ್ದರಂತೆ. ಆ ಕೇಜಿನೊಳಗೆ ಯಾರಿರುತ್ತಿದ್ದರು ಎನ್ನುವುದನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಕತ್ತಿನಲ್ಲಿ ಶಿಲುಬೆ ಇದ್ದವನು, ತೋಳಿಗೆ ತಾಯಿತ ಕಟ್ಟಿದವನು, ಹಣೆಗೆ ಮಾರಿಯಮ್ಮನ ಕುಂಕುಮ ಇಟ್ಟವನು, ಮನಸ್ಸಿನಲ್ಲಿ ಬಿಸ್ಮಿಲ್ಲಾ ಹೇಳಿಕೊಂಡವನು, ಅವರ ನಡುವೆ ಪರಮಾಣುವಿನ ಲೆಕ್ಕ ಹಾಕುತ್ತಾ ನಿಂತ ಒಬ್ಬ ಪದವೀಧರ. ಶಾಫ್ಟಿನ ಬಾಯಲ್ಲಿ ದೇವರ ಪಟಗಳಿದ್ದವು, ಆಯುಧಪೂಜೆಗೆ ಯಂತ್ರಗಳಿಗೆಲ್ಲ ಹೂವು ಬೀಳುತ್ತಿತ್ತು. ಯಾರೂ ಯಾರನ್ನೂ ಆಡಿಕೊಳ್ಳಲಿಲ್ಲ. ಬಂಡೆ ಸಿಡಿದರೆ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುತ್ತದೆ ಎಂಬುದು ಕೇಜಿನಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಬಂಡೆ ಸಿಡಿಯುವುದು ನಮಗೆ ಕಥೆಯಲ್ಲ. ರಾಬರ್ಟ್‌ಸನ್‌ಪೇಟೆಯ ಮನೆಗಳಲ್ಲಿ ರಾತ್ರಿ ಹೊತ್ತು ಸ್ಟ್ಯಾಂಡಿನ ತಟ್ಟೆಗಳು ಇದ್ದಕ್ಕಿದ್ದ ಹಾಗೆ ಗಲಗಲ ಎನ್ನುತ್ತಿದ್ದವು. "ಭೂಮ್ತಾಯಿ ಮೈ ಮುರೀತಾವ್ಳೆ ಕಣಮ್ಮ, ಸುಮ್ನೆ ಮಲಕ್ಕೋ" ಎನ್ನುತ್ತಿದ್ದರು ಅಜ್ಜಿ. ಅದುರು ತೆಗೆದು ಟೊಳ್ಳಾದ ಜಾಗದ ಸುತ್ತಲಿನ ಬಂಡೆಯ ಮೇಲೆ ಭಾರ ಹೆಚ್ಚುತ್ತಾ ಹೋಗಿ ಒಂದು ದಿನ ಅದು ಪಟಾಕಿಯಂತೆ ಸಿಡಿಯುತ್ತದೆ ಎಂದು ನಾನು ಓದಿದ್ದು ಆಮೇಲೆ. ಎರಡು ಮಾತನ್ನೂ ಪಕ್ಕದಲ್ಲಿಟ್ಟು ನೋಡಿದರೆ ಅಜ್ಜಿಯ ಮಾತು ಬಹಳ ದೂರವೇನೂ ಹೋಗಿಲ್ಲ ಅನ್ನಿಸುತ್ತದೆ. ಮೈ ಮುರಿಯುವುದೂ ಬಿಗಿತ ಬಿಡಿಸಿಕೊಳ್ಳುವುದೇ ಅಲ್ಲವೆ? ಆದರೆ ನಾಳೆ ಯಾವ ಲೆವೆಲ್ಲಿನಲ್ಲಿ ಜನರನ್ನು ಇಳಿಸಬಾರದು ಎಂದು ಅಜ್ಜಿಯ ಮಾತಿನಿಂದ ಹೇಳಲು ಬರುವುದಿಲ್ಲ. ಅದಕ್ಕೆ ಕಂಪನ ಅಳೆಯುವ ಯಂತ್ರ ಬೇಕು, ಅಳೆದದ್ದನ್ನು ಬರೆದಿಡುವವರು ಬೇಕು, ಬರೆದದ್ದನ್ನು ನೋಡಿ ಇಲ್ಲಿ ಬೇಡ ಎಂದು ಹೇಳುವ ಧೈರ್ಯದ ಅಧಿಕಾರಿ ಬೇಕು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದು ಇದೇ ಕೆ.ಜಿ.ಎಫ್.ನಲ್ಲಿ. ನಮ್ಮವರು ಸತ್ತ ಮೇಲೆ ಕಲಿತ ವಿದ್ಯೆ ಅದು, ಈಗ ದೇಶದ ಸುರಂಗಗಳಿಗೆ, ಅಣೆಕಟ್ಟುಗಳಿಗೆ ಉಪಯೋಗಕ್ಕೆ ಬರುತ್ತಿದೆ.

ಆದರೆ ನಾನು ಹೇಳಬೇಕೆಂದು ಕುಳಿತದ್ದು ಗೆದ್ದ ಪ್ರಯೋಗದ ಕಥೆಯನ್ನಲ್ಲ. ಅದಕ್ಕಿಂತ ದೊಡ್ಡದು ಎಂದು ನನಗೆ ತೋರುವುದು ಗೆಲ್ಲದ ಒಂದು ಪ್ರಯೋಗ.

1970ರ ದಶಕದಲ್ಲಿ ಭೌತವಿಜ್ಞಾನಿಗಳಲ್ಲಿ ಒಂದು ಹೊಸ ಸಿದ್ಧಾಂತ ಹುಟ್ಟಿತು. ಎಲ್ಲ ವಸ್ತುವಿನ ಒಳಗೂ ಇರುವ ಪ್ರೋಟಾನು ಚಿರಂಜೀವಿಯಲ್ಲ, ಊಹೆಗೂ ನಿಲುಕದಷ್ಟು ದೀರ್ಘ ಕಾಲದ ನಂತರ ಅದೂ ಸಾಯುತ್ತದೆ ಎಂದು. ಅಷ್ಟು ಕಾಲ ಯಾರು ಕಾಯುತ್ತಾರೆ? ಅದಕ್ಕೊಂದು ಉಪಾಯವಿದೆ. ಒಂದು ಪ್ರೋಟಾನನ್ನು ಕೋಟ್ಯನುಕೋಟಿ ವರ್ಷ ನೋಡುವ ಬದಲು ಎಣಿಸಲಾರದಷ್ಟು ಪ್ರೋಟಾನುಗಳನ್ನು ಕೆಲವು ವರ್ಷ ನೋಡುವುದು. ಊರಲ್ಲಿ ಒಬ್ಬ ಅಜ್ಜಿ ಯಾವಾಗ ಹೋಗುತ್ತಾರೆ ಎಂದು ಹೇಳಲಾಗದಿದ್ದರೂ ಜಿಲ್ಲೆಯಲ್ಲಿ ವರ್ಷಕ್ಕೆ ಎಷ್ಟು ಜನ ಹೋಗುತ್ತಾರೆ ಎಂದು ಹೇಳಬಹುದಲ್ಲ, ಹಾಗೆ. 1980ರಲ್ಲಿ ಟಾಟಾ ಸಂಸ್ಥೆಯವರು ಜಪಾನಿನವರ ಜೊತೆ ಸೇರಿ ಚಾಂಪಿಯನ್ ರೀಫ್ಸ್ ಗಣಿಯ ಅದೇ ಆಳದಲ್ಲಿ 140 ಟನ್ ಕಬ್ಬಿಣದ ಹಲಗೆಗಳನ್ನು ಉಪಕರಣಗಳ ನಡುನಡುವೆ ಪೇರಿಸಿದರು. ಈ ಪ್ರಶ್ನೆಗೆಂದೇ ಮೊದಲಿಗೆ ಕಟ್ಟಿದ ದೊಡ್ಡ ಉಪಕರಣ ಅದು. ಕೆಲವು ವರ್ಷಗಳ ನಂತರ 260 ಟನ್ನಿನ ಇನ್ನೊಂದು ಬಂತು. ಇಷ್ಟು ಕಬ್ಬಿಣವನ್ನು ಚೂರುಚೂರಾಗಿ ಕೇಜಿನಲ್ಲಿ ಇಳಿಸಿದವರ ಹೆಸರು ಯಾವ ಪತ್ರಿಕೆಯಲ್ಲೂ ಇಲ್ಲ.

ಕೆಲವು ಕಾಲದಲ್ಲೇ ಪ್ರೋಟಾನು ಸತ್ತಂತೆ ಕಾಣುವ ಬೆರಳೆಣಿಕೆಯ ಗುರುತುಗಳು ಸಿಕ್ಕವು. ಸುದ್ದಿ ಲೋಕಕ್ಕೆಲ್ಲ ಹಬ್ಬಿತು. ನಿಜವಾಗಿದ್ದರೆ ಕೋಲಾರದ ಹೆಸರು ಎಂದೆಂದಿಗೂ ನಿಲ್ಲುತ್ತಿತ್ತು, ನೊಬೆಲ್ ಬಹುಮಾನವೂ ದೂರದ ಮಾತಾಗಿರಲಿಲ್ಲ. ಆಗ ಏನಾಯಿತು? ಅಮೆರಿಕದವರು ಒಂದು ಉಪ್ಪಿನ ಗಣಿಯಲ್ಲಿ ಸಾವಿರಾರು ಟನ್ ನೀರು ತುಂಬಿಸಿ ಅದೇ ಪ್ರಶ್ನೆ ಕೇಳಿದರು. ಜಪಾನಿನವರು 1983ರಲ್ಲಿ ಕಾಮಿಯೋಕ ಎಂಬಲ್ಲಿ 3,000 ಟನ್ ನೀರಿಟ್ಟು ಕೇಳಿದರು. ಅವರಿಗೆ ಪ್ರೋಟಾನು ಸಾಯುವುದು ಕಾಣಲಿಲ್ಲ. ಕೋಲಾರದ ಗುರುತುಗಳನ್ನು ಲೋಕ ಒಪ್ಪಲಿಲ್ಲ. ನಮ್ಮವರು ತಮ್ಮ ಅಂಕಿಗಳನ್ನು ಬಚ್ಚಿಡಲಿಲ್ಲ, ಬಿಚ್ಚಿ ಎಲ್ಲರ ಮುಂದಿಟ್ಟರು, ತಾವೂ ನೋಡುತ್ತಲೇ ಹೋದರು. ದೇಶಕ್ಕೆ ಅವಮಾನವಾಯಿತು ಎಂದು ಯಾರೂ ಮೆರವಣಿಗೆ ಹೊರಡಲಿಲ್ಲ. 1990ರ ದಶಕದ ಆರಂಭದಲ್ಲಿ ಆ ಪ್ರಯೋಗಶಾಲೆ ಮುಚ್ಚಿತು. ಪ್ರೋಟಾನು ಸಾಯುವುದನ್ನು ಇವತ್ತಿಗೂ ಯಾರೂ ಕಂಡಿಲ್ಲ. ಜಪಾನಿನವರ ಮುಂದಿನ ಇನ್ನೂ ದೊಡ್ಡ ಉಪಕರಣ ಪ್ರೋಟಾನನ್ನು ಕಾಯುತ್ತಲೇ, ಕೋಲಾರದಲ್ಲಿ ಮೊದಲು ಕಂಡ ಆ ಗಾಳಿಯ ನ್ಯೂಟ್ರಿನೊಗಳು ದಾರಿಯಲ್ಲಿ ವೇಷ ಬದಲಿಸುತ್ತವೆ ಎಂದು 1998ರಲ್ಲಿ ಕಂಡುಹಿಡಿಯಿತು. ಅದಕ್ಕೆ 2015ರಲ್ಲಿ ನೊಬೆಲ್ ಬಂತು.

ತನಗೆ ಬೇಕಾದ ಉತ್ತರ ಬಂದಾಗಲೇ ಹೆಚ್ಚು ಅನುಮಾನಪಡುವುದು, ಬೇರೆಯವರೂ ಪರೀಕ್ಷಿಸಲಿ ಎಂದು ಬಾಗಿಲು ತೆರೆದಿಡುವುದು ಎಷ್ಟು ಕಷ್ಟದ ಕೆಲಸ! ಮನೆಯಲ್ಲಿ ಸೊಸೆಯ ವಿಷಯಕ್ಕೆ, ಮಗನ ಅಂಕಪಟ್ಟಿಯ ವಿಷಯಕ್ಕೆ ಇದನ್ನು ಮಾಡಿ ನೋಡಿ, ಗೊತ್ತಾಗುತ್ತದೆ.

ಇದೇ ಜಿಲ್ಲೆಯ ಇನ್ನೊಬ್ಬ ಭೌತವಿಜ್ಞಾನಿ ಈ ಪದ್ಧತಿಯನ್ನು ಗಣಿಯ ಆಳದಿಂದ ಬೀದಿಗೆ ತಂದರು. ಗೌರಿಬಿದನೂರು ತಾಲ್ಲೂಕಿನ ಹೊಸೂರು ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ, ಆಗ ಕೋಲಾರ ಜಿಲ್ಲೆಯಲ್ಲೇ ಇತ್ತು. ಅಲ್ಲಿಯ ಬಡ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1942ರ ಚಳವಳಿಯಲ್ಲಿ ಜೈಲಿಗೆ ಹೋದರು, ಅಮೆರಿಕದ ಒಹಾಯೊದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, ವಾಪಸು ಬಂದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಕೊಠಡಿಯಲ್ಲೇ ಖಾದಿ ಪಂಚೆ, ಟೋಪಿಯಲ್ಲಿ ಬಾಳಿದರು. 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. 1976ರಲ್ಲಿ ಪವಾಡಗಳನ್ನೂ ಪರೀಕ್ಷೆಗೆ ಸಿಗುವ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಒಂದು ಸಮಿತಿ ಮಾಡಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು, ಗಾಳಿಯಿಂದ ವಸ್ತು ಸೃಷ್ಟಿಸುವುದನ್ನು ಸಮಿತಿಯ ಎದುರಿಗೆ ತೋರಿಸಬೇಕೆಂದು ಕೇಳಿದರು. ಒಂದಲ್ಲ, ಮೂರು ಪತ್ರ. ಬಾಬಾ ಪರೀಕ್ಷೆಗೆ ಒಪ್ಪಲಿಲ್ಲ. ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಗಾಡಿ ವೈಟ್‌ಫೀಲ್ಡಿನಲ್ಲಿ ನಿಂತಾಗ ಅಲ್ಲಿಯ ಆಶ್ರಮಕ್ಕೆಂದು ಇಳಿಯುವ ಭಕ್ತರು ಡಬ್ಬಿ ತುಂಬ ಇರುತ್ತಿದ್ದರು. ಅವರ ನಡುವೆ ಎಚ್ಚೆನ್ ಹೆಸರೆತ್ತಿದರೆ ಸಾಕು, ಜಗಳ ನಿಶ್ಚಯ.

ಅವರನ್ನು ದೇವರ ವಿರೋಧಿ ಎಂದು ಬೈದವರು ಸಮಿತಿಯ ಹೆಸರನ್ನು ಪೂರ್ತಿ ಓದಲಿಲ್ಲ ಎಂದು ನನ್ನ ಎಣಿಕೆ. ಪರೀಕ್ಷೆಗೆ ಸಿಗುವ ಎಂಬ ಮಾತು ಅದರಲ್ಲೇ ಇದೆ. ನನಗೆ ಪೂಜೆಯಿಂದ ಸಮಾಧಾನವಾಗುತ್ತದೆ ಎಂದರೆ ಯಾವ ಸಮಿತಿಯೂ ಅದನ್ನು ಅಳೆಯಲು ಬರುವುದಿಲ್ಲ. ನನ್ನ ಕೈಯಿಂದ ಬೂದಿ ಹುಟ್ಟುತ್ತದೆ ಎಂದರೆ ಮಾತು ಬೇರೆ, ಅದು ಕಣ್ಣಿಗೆ ಕಾಣುವ ವಸ್ತುವಿನ ವಿಷಯ, ತೋಳು ಮಡಿಸಿ ತೋರಿಸಬೇಕಾಗುತ್ತದೆ. ಅದೇ 1976ರಲ್ಲಿ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳು ಸೇರಿ, ವೈಜ್ಞಾನಿಕ ಮನೋಭಾವ, ಪ್ರಶ್ನಿಸುವ ಪ್ರವೃತ್ತಿ ಪ್ರಜೆಯ ಕರ್ತವ್ಯವಾದವು. ನಾವು ಅದನ್ನು ಮಕ್ಕಳಿಗೆ ಉರು ಹೊಡೆಸುತ್ತೇವೆ. ಪ್ರಶ್ನಿಸುವುದನ್ನು ಉರು ಹೊಡೆಸುವುದು! 2005ರಲ್ಲಿ ಎಚ್ಚೆನ್ ತೀರಿಕೊಂಡರು. ಹತ್ತು ವರ್ಷದ ಮೇಲೆ, 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಇದಕ್ಕೆ ಹೋಲಿಸಿದರೆ ಮೂರು ಪತ್ರಕ್ಕೆ ಬೈಗುಳ ಮಾತ್ರ ಬಂದ ಕಾಲ ಒಳ್ಳೆಯದೇ ಇತ್ತೇನೋ.

ಪರೀಕ್ಷೆ ಮಾಡುವುದು ಹೇಳಿದಷ್ಟು ಸುಲಭವಲ್ಲ ಎಂದು ನನಗೆ ಗೊತ್ತಾದದ್ದು 1995ರ ಸೆಪ್ಟೆಂಬರ್ 21ರಂದು. ಗಣಪತಿ ಹಾಲು ಕುಡಿದ ದಿನ. ನೀವೂ ಚಮಚ ಹಿಡಿದು ಸಾಲಿನಲ್ಲಿ ನಿಂತಿದ್ದಿರಬಹುದು. ಬಂಗಾರಪೇಟೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹಾಲು ಖಾಲಿಯಾಗಿ, ಕೈಗೂಸಿದ್ದ ನೆರೆಮನೆಯ ಹೆಂಗಸು ಪರದಾಡುತ್ತಿದ್ದಳು. ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು, ಉತ್ಸಾಹ ಇತ್ತು. ಮಾರನೆಯ ದಿನ ಶಾಲೆಗೆ ರುಬ್ಬುವ ಗುಂಡುಕಲ್ಲು ತರಿಸಿ, ಒದ್ದೆ ಮಾಡಿ, ಹಾಲು ತುಂಬಿದ ಚಮಚವನ್ನು ಓರೆಯಾಗಿ ತಾಗಿಸಿದೆ. ಗುಂಡುಕಲ್ಲೂ ಹಾಲು ಕುಡಿಯಿತು. ಹಾಲಿಗೆ ಕುಂಕುಮ ಬೆರೆಸಿ ಹಿಡಿದಾಗ ಕೆಂಪು ಗೆರೆ ತೆಳ್ಳಗೆ ಕಲ್ಲಿನ ಮೈಮೇಲಿಂದ ಕೆಳಗಿಳಿಯುವುದು ಕಂಡಿತು. ದೆಹಲಿಯಲ್ಲಿ ವಿಜ್ಞಾನಿಗಳೂ ಹೀಗೆಯೇ ಬಣ್ಣ ಬೆರೆಸಿ ತೋರಿಸಿದ್ದರು. ದ್ರವದ ಮೇಲ್ಮೈ ಎಳೆತ ಎಂದು ಹಲಗೆಯ ಮೇಲೆ ಬರೆದು, ಮಕ್ಕಳ ಮುಖ ನೋಡಿ ಗೆದ್ದೆ ಅಂದುಕೊಂಡೆ. ಸ್ಟಾಫ್ ರೂಮಿನಲ್ಲಿ ನಮ್ಮ ಹಿರಿಯ ಸಹೋದ್ಯೋಗಿ ಒಬ್ಬರು ಟೀ ಕುಡಿಯುತ್ತಾ ಕೇಳಿದರು, "ಗುಂಡುಕಲ್ಲಲ್ಲಿ ದೇವರಿಲ್ಲ ಅಂತ ಯಾರು ಹೇಳಿದ್ದು ಮೇಡಂ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಬಹಳ ದಿನ ತಲೆಯಲ್ಲಿ ಕೊರೆಯಿತು. ದೇವರು ಎಲ್ಲೆಲ್ಲೂ ಇದ್ದಾನೆ ಎನ್ನುವುದು ಭಕ್ತಿ, ಅದರ ಜೊತೆ ನನಗೆ ತಕರಾರಿಲ್ಲ. ಆದರೆ ಹಾಲು ಹೋದರೂ ದೇವರು, ಹೋಗದಿದ್ದರೂ ದೇವರು, ಬಣ್ಣ ಕೆಳಗಿಳಿದರೂ ದೇವರು ಎಂದಾಗ ಹಾಲಿನ ಮಾತೇ ಬೇಡವಾಗುತ್ತದೆ. ಹಾಗಾದರೆ ನಿನ್ನೆ ಸಾಲಿನಲ್ಲಿ ನಿಂತದ್ದಾದರೂ ಏತಕ್ಕೆ? ಏನು ಕಂಡರೆ ನೀವು ಇಲ್ಲ, ಇದು ಹಾಗಲ್ಲ ಎಂದು ಒಪ್ಪುತ್ತೀರಿ ಎಂದು ನಾನು ಅವರನ್ನು ಕೇಳಬಹುದಿತ್ತು. ಪ್ರೋಟಾನಿನವರಿಗೆ ಆ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಇನ್ನೂ ದೊಡ್ಡ ತೊಟ್ಟಿಯಲ್ಲಿ ಕಾಣದಿದ್ದರೆ ಒಪ್ಪುತ್ತೇವೆ ಎಂಬುದೇ ಆ ಉತ್ತರ.

ಈ ಪ್ರಶ್ನೆ ಕೇಳುವವರೆಲ್ಲ ಓದಿದವರು, ಉಳಿದವರೆಲ್ಲ ಕಣ್ಣು ಮುಚ್ಚಿ ನಂಬುವವರು ಎಂದು ಎಣಿಸಿದರೆ ಕೆ.ಜಿ.ಎಫ್. ಗೊತ್ತಿಲ್ಲ ಎಂದೇ ಅರ್ಥ. ಗಣಿ ಕಾರ್ಮಿಕರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು ಕಡೆಯಿಂದ ಬಂದ ತಮಿಳು ದಲಿತರು. 20ನೇ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪದಲ್ಲಿ ಅವರು ಬೌದ್ಧ ಸಂಘ ಕಟ್ಟಿದ್ದರು. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧರಾದದ್ದು 1956ರಲ್ಲಿ, ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲು! ಮದರಾಸಿನ ಸಿದ್ಧ ವೈದ್ಯ ಪಂಡಿತ ಅಯೋತಿ ದಾಸರು ಅವರಿಗೆ ದಾರಿ ತೋರಿದವರು. 1898ರಲ್ಲಿ ಕೊಲಂಬೊಗೆ ಹೋಗಿ ಬೌದ್ಧರಾಗಿ, 1907ರಿಂದ ತಮಿಳು ವಾರಪತ್ರಿಕೆ ನಡೆಸಿದವರು. 1914ರಲ್ಲಿ ಅವರು ತೀರಿಕೊಂಡ ಮೇಲೆ ಆ ಪತ್ರಿಕೆಯನ್ನು ಕೆಲವು ಕಾಲ ಕೆ.ಜಿ.ಎಫ್.ನಿಂದಲೇ ಹೊರಡಿಸಿದರು. ಎಂಟು ಗಂಟೆ ಬಂಡೆ ಕೊರೆದು ಮೇಲೆ ಬಂದು, ಒಬ್ಬ ಓದಿದರೆ ಹತ್ತು ಜನ ಕೇಳುವುದು. ಹುಟ್ಟಿನಿಂದ ನಾವು ಕೀಳು ಎಂದು ಯಾರು ಹೇಳಿದರು, ಎಲ್ಲಿ ಬರೆದಿದೆ, ಬರೆದವರಿಗೆ ಅದರಿಂದ ಏನು ಲಾಭ ಎಂಬುದು ಅವರ ಪ್ರಶ್ನೆ. ಅದನ್ನು ಅವರು ಧರ್ಮದ ಒಳಗೆ ನಿಂತೇ ಕೇಳಿದರು, ಧರ್ಮ ಬಿಟ್ಟು ಕೇಳಲಿಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ. ರಾಬರ್ಟ್‌ಸನ್‌ಪೇಟೆಯ ಕನ್ನಡ, ತೆಲುಗು ಮನೆಗಳ ನಮಗೆ ಎರಡು ಮೈಲಿ ಆಚೆ ಇದೆಲ್ಲ ನಡೆದಿತ್ತು ಎಂಬುದು ತಿಳಿದೇ ಇರಲಿಲ್ಲ. 1930ರ ಏಪ್ರಿಲಿನಲ್ಲಿ ಕಂಪನಿ ಎಲ್ಲರ ಬೆರಳಚ್ಚು ಹಾಕಿಸಿಕೊಳ್ಳಲು ಹೊರಟಾಗ, ನಾವೇನು ಕಳ್ಳರೇ ಎಂದು ಇಡೀ ಗಣಿಯನ್ನೇ ನಿಲ್ಲಿಸಿದವರೂ ಇದೇ ಕಾರ್ಮಿಕರು.

ಪ್ರಶ್ನೆಗೆ ಒಳಗಾಗಬೇಕಾದದ್ದು ಪೂಜಾರಿ ಮಾತ್ರವಲ್ಲ, ಬಿಳಿ ಕೋಟು ತೊಟ್ಟವರೂ ಹೌದು. ಗಣಿಯ ಬೆಣಚುಕಲ್ಲಿನ ಧೂಳು ಎದೆಗೆ ಇಳಿದು ಬರುವ ಕಾಯಿಲೆಗೆ ಸಿಲಿಕೋಸಿಸ್ ಎಂದು ಹೆಸರು. ಅದಕ್ಕೆ ಹೆಸರಿಡುವ ಮೊದಲು ದಶಕಗಟ್ಟಲೆ ಜನ ಕೆಮ್ಮಿ ಸತ್ತರು. ಕ್ಷಯ ಎಂದರು, ಕುಡಿತ ಎಂದರು. 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆ ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಜನರಲ್ಲಿ ಅದು ಕಂಡಿತು. ಲೈನ್ ಮನೆಗಳ ಹೆಂಗಸರು ಗಂಡನ ಕೆಮ್ಮಿಗೆ ಮಾರಿಯಮ್ಮನಿಗೆ ಹರಕೆ ಹೊತ್ತದ್ದನ್ನು ನಾನು ಮೂಢನಂಬಿಕೆ ಎಂದು ಹೇಗೆ ತಳ್ಳಿಹಾಕಲಿ? ಅವರ ಮಾತು ಕೇಳಿಸಿಕೊಳ್ಳುತ್ತಿದ್ದದ್ದು ಅಮ್ಮ ಒಬ್ಬಳೇ. ಸಾವಿರಾರು ಅಡಿ ಕೆಳಗೆ ಪ್ರೋಟಾನಿನ ಆಯಸ್ಸನ್ನು ಅಳೆಯಲು ಹೊರಟ ದೇಶ, ಅದೇ ಕೇಜಿನಲ್ಲಿ ಇಳಿದವನ ಆಯಸ್ಸನ್ನು ಅಷ್ಟೇ ಶ್ರದ್ಧೆಯಿಂದ ಅಳೆಯಲಿಲ್ಲ.

ಹರಕೆ ಬೇರೆ, ಮೈಗೆ ನೋವು ಮಾಡುವುದು ಬೇರೆ. 1980ರ ಫೆಬ್ರವರಿ 16ರ ಗ್ರಹಣದ ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಐದನೇ ಕ್ಲಾಸಿನಲ್ಲಿದ್ದ ನಾನು ಕಿಟಕಿಯ ಸಂದಿಯಿಂದ ಬೀದಿ ನೋಡಿದ್ದೆ, ನಾಯಿಯೂ ಇರಲಿಲ್ಲ. ಬಸುರಿಯಾಗಿದ್ದ ಅತ್ತೆಯನ್ನು ಬೆಳಗಿನಿಂದ ನೀರೂ ಕೊಡದೆ ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದರು. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು ಎನ್ನುವುದು ಸರಿ, ಅದನ್ನು ವಿಜ್ಞಾನವೂ ಹೇಳುತ್ತದೆ. ನೀರು ಕುಡಿಯಬಾರದು ಎಂದು ಯಾವ ಸೂರ್ಯ ಹೇಳಿದ? ಆ ಕಾಲ ಹೋಯಿತು ಎನ್ನುವಿರಾ? 2019ರ ಡಿಸೆಂಬರ್ 26ರ ಗ್ರಹಣದ ದಿನ ಕಲಬುರಗಿಯ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ಕಾಯಿಲೆ ಗುಣವಾಗುತ್ತದೆಂದು, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಅಧಿಕಾರಿಗಳು ಬಂದು ತೆಗೆಸಿದರು. ಅದಕ್ಕೂ ಎರಡು ವರ್ಷ ಮೊದಲೇ, 2017ರಲ್ಲಿ, ನಮ್ಮ ರಾಜ್ಯದ ಶಾಸನಸಭೆ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಕಾಯಿದೆ ಮಾಡಿತ್ತು. ಅದು ಜಾರಿಗೆ ಬಂದದ್ದು ಮಾತ್ರ 2020ರ ಜನವರಿಯಲ್ಲಿ.

ನಮ್ಮ ಕಡೆಯ ಹೆಂಗಸರಿಗೆ ಗ್ರಹಣ ವರ್ಷಕ್ಕೊಮ್ಮೆ, ನೀರು ದಿನವೂ. ಕೋಲಾರ ಜಿಲ್ಲೆಯಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಜಾಗ ತೋರಿಸಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರಿಗೆ ಇವತ್ತಿಗೂ ಬೇಡಿಕೆ ಇದೆ. ಕಾಯಿ ಎದ್ದು ನಿಂತ ಕಡೆ ನೀರು ಬಂದ ಕಥೆಯನ್ನು ಊರೆಲ್ಲ ಹೇಳುತ್ತದೆ. ಬಾರದೆ ಹೋದ ಕಡೆ ಸಾಲ ಮಾಡಿದ ರೈತ ಸುಮ್ಮನಿರುತ್ತಾನೆ, ಆ ಲೆಕ್ಕ ಯಾರೂ ಇಡುವುದಿಲ್ಲ. ಬಂದ ನೀರಿನಲ್ಲೂ ಫ್ಲೋರೈಡು. ಮಕ್ಕಳು ಬಾಯಿ ತೆರೆದು ನಕ್ಕರೆ ಹಲ್ಲಿನ ಮೇಲಿನ ಕಂದು ಪಟ್ಟೆಯಿಂದ ಯಾವ ಹಳ್ಳಿಯವರು ಎಂದು ಹೇಳುವಷ್ಟು ನನಗೆ ಅಭ್ಯಾಸವಾಗಿದೆ. 2018ರ ಜೂನಿನಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆ ಲಕ್ಷ್ಮೀಸಾಗರದ ಕೆರೆಗೆ ತಲುಪಿತು. ಪೂಜೆ, ಬಾಗಿನ ಎಲ್ಲ ಆಯಿತು. ಮುಂದಿನ ತಿಂಗಳೇ ನೊರೆ ಬಂತು. ಎರಡನೆಯ ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ಕೆಲವರು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟು, ಸುಪ್ರೀಂ ಕೋರ್ಟು ತಡೆ ಕೊಟ್ಟು, ತೆಗೆದು, ಕೊನೆಗೆ ನೀರು ಹರಿಯಿತು. ಬತ್ತಿದ ಬೋರುಗಳಲ್ಲಿ ನೀರು ಬಂದದ್ದೂ ನಿಜ, ಜನ ಅನುಮಾನ ಪಟ್ಟದ್ದೂ ತಪ್ಪಲ್ಲ. ಬೇಡ ಎಂದವರನ್ನು ಅಭಿವೃದ್ಧಿಯ ವಿರೋಧಿಗಳು ಎಂದೂ, ಬೇಕು ಎಂದವರನ್ನು ಮಾರಿಕೊಂಡವರು ಎಂದೂ ಬೈದಾಡಿದ್ದಷ್ಟೇ ಹೆಚ್ಚು ಕೇಳಿಸಿತು. ಯಾವ ಕೆರೆಯ ನೀರಿನಲ್ಲಿ ಏನು ಎಷ್ಟಿದೆ ಎಂಬ ಅಂಕಿ ಯಾರ ಬಾಯಲ್ಲೂ ಬರಲಿಲ್ಲ.

ಕಳೆದ ವರ್ಷ ಒಂಬತ್ತನೇ ತರಗತಿಯ ಹುಡುಗಿಯರು ಇದನ್ನೇ ಹಿಡಿದರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮ್ ಇದ್ದರೆ ಸಾಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಇರಬಹುದು ಎಂದು ಪಾಠದಲ್ಲಿ ಬಂದಿತ್ತು. ನಮ್ಮ ಬೀದಿಯ ನೀರಿನಲ್ಲಿ ಎಷ್ಟಿದೆ ಮಿಸ್ ಎಂದರು. ನನಗೆ ಗೊತ್ತಿಲ್ಲ, ಗೊತ್ತಿರಬೇಕಾದವರನ್ನು ಕೇಳೋಣ ಎಂದೆ. ತಾವೇ ಪತ್ರ ಬರೆದು, ಒಬ್ಬೊಬ್ಬರೂ ಸಹಿ ಹಾಕಿ ಸಂಬಂಧಪಟ್ಟ ಕಚೇರಿಗೆ ಕಳಿಸಿದರು. ಎರಡೂವರೆ ತಿಂಗಳಾದ ಮೇಲೆ ಉತ್ತರ ಬಂತು. ನೀರು ಕುಡಿಯಲು ಯೋಗ್ಯವಾಗಿದೆ ಎಂದು ಮೊದಲ ಸಾಲು, ಕೆಳಗೆ ಮೂರು ಅಂಕಿಗಳು. ನಾನು ಓದಿ ಸಂತೋಷಪಟ್ಟೆ. ಹಿಂದಿನ ಬೆಂಚಿನ ಹುಡುಗಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವ ಬೋರಿಂದು ಅಂತ ಇಲ್ವಲ್ಲ ಮಿಸ್, ಯಾವ ತಿಂಗಳು ತಗೊಂಡಿದ್ದು ಅಂತಾನೂ ಇಲ್ಲ" ಎಂದಳು. ಎರಡನೆಯ ಪತ್ರ ಹಾಕಿದ್ದೇವೆ.